ಗಡಿ ದಾಟುವ ಜಾನುವಾರು ಮತ್ತು ಶ್ರಾವಕಧರ್ಮ

ಕೇಶ್ವಾಪುರದ ಸಾಧರ್ಮಿ ಬಂಧುಗಳಿಗೆ ರೈಲಿನ ಸದ್ದು ಹೊಸದಲ್ಲ. ಬಡಾವಣೆಗೆ ಸಮೀಪದಲ್ಲಿಯೇ, ಗದಗ ರಸ್ತೆಯ ಮೇಲೆ, ನೈಋತ್ಯ ರೈಲ್ವೆಯ ಪ್ರಧಾನ ಕಚೇರಿಯಿದೆ. ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ಹೊರಟ ಹಳಿಗಳು ಧಾರವಾಡ, ಅಳ್ನಾವರ, ಲೋಂಡಾಗಳನ್ನು ದಾಟಿ, ಕ್ಯಾಸಲ್‌ರಾಕ್‌ನಲ್ಲಿ ಸಹ್ಯಾದ್ರಿಯನ್ನಿಳಿದು ಗೋವೆಯ ಮುರಗಾಂವ ಬಂದರವನ್ನು ಸೇರುತ್ತವೆ. ಇದೇ ದಿಕ್ಕಿಗೆ ಘಟ್ಟದ ರಸ್ತೆಗಳೂ ಇಳಿಯುತ್ತವೆ. ಬೆಳಗಾವಿ, ಧಾರವಾಡ ಸೀಮೆಯ ಬಿಳಿಜೋಳ, ಹತ್ತಿ, ಕಾಯಿಪಲ್ಲೆಗಳು ಈ ದಾರಿಯಲ್ಲಿ ಕೆಳಗಿಳಿದಂತೆ, ಇಲ್ಲಿಯ ಸಂತೆಗಳಲ್ಲಿ ಮಾರಾಟವಾದ ದನಗಳೂ ಅವುಗಳ ಮಾಂಸವೂ ಇದೇ ದಾರಿಯಲ್ಲಿ ಹೋಗಿವೆ. ಈ ವ್ಯಾಪಾರದ ಇತಿಹಾಸವನ್ನು ಸಂಕ್ಷೇಪವಾಗಿ ನೋಡಿ, ಶ್ರಾವಕಧರ್ಮವು ಅದರ ಬಗ್ಗೆ ಏನು ಹೇಳುತ್ತದೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಆರಂಭದಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಾಂಸಾಹಾರವನ್ನು ಪರಂಪರೆಯಿಂದ ಪಡೆದವರನ್ನಾಗಲಿ, ಆ ಕಸುಬಿನಿಂದ ಹೊಟ್ಟೆ ಹೊರೆಯುವವರನ್ನಾಗಲಿ ದೂಷಿಸಲು ಇಲ್ಲಿ ಪ್ರಯತ್ನಿಸಿಲ್ಲ. ಪರರ ದೋಷವನ್ನು ಎಣಿಸುವುದು ಸುಲಭ. ಸ್ವಂತದ ಪಾಲನ್ನು ಎಣಿಸುವುದು ಪ್ರತಿಕ್ರಮಣದ ಕಾರ್ಯ.

ಪೂರ್ವಕಾಲದ ಗಡಿಗಳು

ನಮ್ಮ ನಾಡಿನಲ್ಲಿ ಗಡಿಗೂ ಜಾನುವಾರಿಗೂ ಇರುವ ನಂಟು ಬಹು ಹಳೆಯದು. ಧಾರವಾಡ, ಹಾವೇರಿ, ಶಿವಮೊಗ್ಗ ಜಿಲ್ಲೆಗಳ ಊರುಗಳಲ್ಲಿ ಕಾಣುವ ವೀರಗಲ್ಲುಗಳಲ್ಲಿ ಅನೇಕವು ‘ತುರುಗೊಳ್’ ಕಾಳಗದವು. ಒಂದು ಸೀಮೆಯವರು ಮತ್ತೊಂದು ಸೀಮೆಯ ದನಗಳನ್ನು ಅಟ್ಟಿಕೊಂಡು ಹೋಗುವುದು, ಊರಿನ ವೀರನು ಬೆನ್ನಟ್ಟಿ ತುರುಗಳನ್ನು ಮರಳಿಸಿ ಪ್ರಾಣ ಬಿಡುವುದು, ಆತನಿಗೆ ಊರವರು ಕಲ್ಲು ನಿಲ್ಲಿಸುವುದು: ಇದು ಶತಮಾನಗಳ ಕಾಲ ನಡೆದ ಸಂಗತಿ. ದನವು ಆಗ ಸಂಪತ್ತು. ಅದನ್ನು ಗಡಿ ದಾಟಿಸುವುದು ರಾಜ್ಯಗಳ ನಡುವಿನ ವ್ಯವಹಾರವಾಗಿತ್ತು.

ಮುಂದೆ ಘಟ್ಟದ ಸರಕು ಸಾಗಣೆ ಎತ್ತುಗಳ ಬೆನ್ನನ್ನೇ ನಂಬಿತು. ಲಂಬಾಣಿಗರ ಹೇರೆತ್ತಿನ ಹಿಂಡುಗಳು ಕರಾವಳಿಯ ಉಪ್ಪನ್ನು ಮೇಲಕ್ಕೂ ಬಯಲುಸೀಮೆಯ ಧಾನ್ಯವನ್ನು ಕೆಳಕ್ಕೂ ಹೊತ್ತವು. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಧಾರವಾಡ ಸೀಮೆ ಇಂಗ್ಲಿಷರ ಕೈಸೇರಿದ ಬಳಿಕವೂ ಇಲ್ಲಿ ಗಡಿಗಳಿಗೆ ಕೊರತೆಯಿರಲಿಲ್ಲ. ಹುಬ್ಬಳ್ಳಿ ಇಂಗ್ಲಿಷರದು, ಕೆಲವೇ ಹರದಾರಿ ದೂರದ ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಪ್ರಾಚೀನ ಜೈನಕ್ಷೇತ್ರವಾದ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಸವಣೂರು ನವಾಬರದು. ಎತ್ತು ಕೊಳ್ಳಲು ಹೊರಟ ರೈತನು ಒಂದೇ ದಿನದಲ್ಲಿ ಎರಡು ಮೂರು ಆಳಿಕೆಗಳ ಸೀಮೆಯನ್ನು ದಾಟಬೇಕಾಗುತ್ತಿತ್ತು. ತಳಿಗಳೂ ಹೀಗೆಯೇ ಗಡಿ ಮೀರಿ ಬೆಳೆದವು. ಕೃಷ್ಣಾ ಕಣಿವೆಯ ತಳಿಯನ್ನು ಪೋಷಿಸಿದವರಲ್ಲಿ ಸಾಂಗಲಿಯ ಪಟವರ್ಧನ ಸಂಸ್ಥಾನಿಕರು ಮುಖ್ಯರು. ಕಿಲಾರಿ ಎತ್ತು ಸೊಲ್ಲಾಪುರ, ಸಾತಾರೆಗಳಂತೆ ವಿಜಾಪುರ, ಬೆಳಗಾವಿಗಳದೂ ಆಯಿತು. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಬರುವ ಜನಸಾಗರವು ಈ ಹಳೆಯ ನಂಟಿನ ಸಾಕ್ಷಿ.

ಈ ಕೊಡುಕೊಳ್ಳುವಿಕೆಯೆಲ್ಲ ಬಹುಪಾಲು ಉಳುವ, ಎಳೆಯುವ, ಹೊರುವ ದನಗಳದಾಗಿತ್ತು. ಕಾರ ಹುಣ್ಣಿಮೆಯಂದು ಕೊಂಬಿಗೆ ಬಣ್ಣ ಹಚ್ಚಿ ಎತ್ತನ್ನು ಮೆರೆಸುವ ರೈತನಿಗೆ ಅದು ಮನೆಯ ಜೀವ. ಆದರೆ ಹೆಗಲು ಸೋತ ಎತ್ತು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ ಅಂದೂ ಇತ್ತು.

1878ರ ಒಪ್ಪಂದ

ಗೋವೆ ಮತ್ತು ಧಾರವಾಡ ಸೀಮೆಗಳ ನಡುವಿನ ಗಡಿವ್ಯಾಪಾರಕ್ಕೆ ಸರಕಾರಗಳೇ ಕೂಡಿ ದಾರಿ ತೆರೆದದ್ದು 1878ರ ಡಿಸೆಂಬರಿನಲ್ಲಿ. ಆಗ ಇಂಗ್ಲೆಂಡ್ ಮತ್ತು ಪೋರ್ತುಗಾಲ್ ಮಾಡಿಕೊಂಡ ಒಪ್ಪಂದದಂತೆ ಬ್ರಿಟಿಷ್ ಭಾರತಕ್ಕೂ ಗೋವೆಗೂ ನಡುವಿನ ಜಕಾತಿ ನಾಕೆಗಳು ತೆರವಾದವು. ಗೋವೆಯ ಉಪ್ಪಿನ ಮೇಲಿನ ಹಕ್ಕು ಇಂಗ್ಲಿಷರಿಗೆ ಬಂದಿತು; ಪ್ರತಿಯಾಗಿ ಪೋರ್ತುಗೀಜ್ ಸರಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಲ್ಲತಕ್ಕದ್ದೆಂದಾಯಿತು. ಮುರಗಾಂವದಿಂದ ಘಟ್ಟದವರೆಗೆ ರೈಲುಮಾರ್ಗ ಕಟ್ಟುವ ಕರಾರೂ ಇದರಲ್ಲಿಯೇ ಇತ್ತು. ಗೋವೆಯ ಆ ಮಾರ್ಗವನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು ಕೂಡಿಕೊಂಡಿತು. ಹುಬ್ಬಳ್ಳಿ ದೊಡ್ಡ ಜಂಕ್ಷನ್ ಆಯಿತು. ಜಕಾತಿಯ ಒಪ್ಪಂದ 12 ವರ್ಷ ಮಾತ್ರ ನಡೆದು 1892ರಲ್ಲಿ ಮುಗಿಯಿತು. ನಾಕೆಗಳು ಮರಳಿ ಬಂದವು. ಆದರೆ ಹಳಿಗಳು ಉಳಿದವು.

ಈ ಪ್ರಸಂಗದಿಂದ ಒಂದು ಪಾಠವಿದೆ. ಲಾಭವಿರುವೆಡೆ ಎರಡು ಭಿನ್ನ ಆಳಿಕೆಗಳು, ಭಿನ್ನ ಭಾಷೆ ಭಿನ್ನ ಮತಗಳ ಜನರು, ಕುಳಿತು ಮಾತಾಡಿ ಗಡಿಯನ್ನು ಸಡಿಲಿಸಬಲ್ಲರು. ವ್ಯಾಪಾರಕ್ಕಾಗಿ ನಡೆದ ಸಹಕಾರಕ್ಕೆ ಇತಿಹಾಸದಲ್ಲಿ ಉದಾಹರಣೆಗಳು ಹೇರಳ. ಜೀವದಯೆಗಾಗಿ ಅಂತಹ ಸಹಕಾರ ವಿರಳ.

ರಾಜ್ಯಕ್ಕೊಂದು ಕಾನೂನು

1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಪ್ರಾಣಿ ಸಂರಕ್ಷಣ ಕಾಯಿದೆ ಬಂದಿತು. ಹಾಲಿಗೆ, ತಳಿಗೆ, ಬೇಸಾಯಕ್ಕೆ ಉಪಯುಕ್ತವಾದ ದನಗಳನ್ನು ಕೊಲ್ಲಬಾರದೆಂಬುದು ಅದರ ತತ್ತ್ವ. ಧಾರವಾಡ ಆಗ ಮುಂಬಯಿಗೆ ಸೇರಿತ್ತು. ಸಂವಿಧಾನದ 48ನೆಯ ಅನುಚ್ಛೇದವು ಗೋವು, ಕರು ಹಾಗೂ ಇತರ ಹಾಲು ಕರೆಯುವ, ಎಳೆಯುವ ದನಗಳ ವಧೆಯನ್ನು ತಡೆಯುವತ್ತ ಸರಕಾರಗಳು ನಡೆಯಬೇಕೆಂದು ನಿರ್ದೇಶಿಸಿತು. ಜಾನುವಾರು ಸಂರಕ್ಷಣೆಯ ವಿಷಯವನ್ನು ಸಂವಿಧಾನವು ರಾಜ್ಯಗಳ ಪಟ್ಟಿಯಲ್ಲಿಟ್ಟಿತು. ಅಂತರರಾಜ್ಯ ವ್ಯಾಪಾರವನ್ನು ಕೇಂದ್ರದ ಪಟ್ಟಿಯಲ್ಲಿಟ್ಟಿತು. ಇಂದಿನ ಗೊಂದಲದ ಮೂಲ ಇಲ್ಲಿದೆ. ದನವು ನಿಂತಲ್ಲಿ ಒಂದು ಅಧಿಕಾರ, ನಡೆಯತೊಡಗಿದೊಡನೆ ಮತ್ತೊಂದು ಅಧಿಕಾರ.

ಏಕೀಕರಣದ ಬಳಿಕ ಮೈಸೂರು ರಾಜ್ಯವು 1964ರಲ್ಲಿ ತನ್ನ ಗೋವಧೆ ನಿಷೇಧ ಕಾಯಿದೆಯನ್ನು ತಂದಿತು. ಆಕಳು, ಅದರ ಕರು ಮತ್ತು ಎಮ್ಮೆಯ ಕರುಗಳ ವಧೆಯನ್ನು ಅದು ನಿಷೇಧಿಸಿತು. ಎತ್ತು, ಹೋರಿ, ಕೋಣ, ಎಮ್ಮೆಗಳು 12 ವರ್ಷ ಮೀರಿದ್ದರೆ ಅಥವಾ ದುಡಿಮೆಗೆ ಶಾಶ್ವತವಾಗಿ ಅಸಮರ್ಥವಾಗಿದ್ದರೆ ಪ್ರಮಾಣಪತ್ರ ಪಡೆದು ಕೊಲ್ಲಬಹುದಾಗಿತ್ತು. ಅತ್ತ ಗೋವೆಯಲ್ಲಿ, 1961ರ ವಿಮೋಚನೆಯ ನಂತರ, 1978ರಲ್ಲಿ ಗೋವಧೆ ನಿಷೇಧದ ಕಾಯಿದೆಯೂ 1995ರಲ್ಲಿ ಪ್ರಾಣಿ ಸಂರಕ್ಷಣ ಕಾಯಿದೆಯೂ ಬಂದವು. ಅಲ್ಲಿ ಆಕಳಿಗೆ ರಕ್ಷಣೆ; ಹೋರಿ, ಎತ್ತು, ಎಮ್ಮೆಗಳಿಗೆ ಪ್ರಮಾಣಪತ್ರದ ಪದ್ಧತಿ. ಮಹಾರಾಷ್ಟ್ರದ ಶಾಸಕಾಂಗವು 1995ರಲ್ಲಿ ಹೋರಿ, ಎತ್ತುಗಳಿಗೂ ನಿಷೇಧವನ್ನು ವಿಸ್ತರಿಸಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 2015ರ ಮಾರ್ಚಿನಲ್ಲಿ. ಹೊರರಾಜ್ಯದಲ್ಲಿ ಕೊಂದ ದನದ ಮಾಂಸವನ್ನು ಇಟ್ಟುಕೊಳ್ಳುವುದನ್ನೂ ಆ ಕಾಯಿದೆ ಅಪರಾಧವೆಂದಿತ್ತು. 2016ರ ಮೇ ತಿಂಗಳಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ವಧೆಯ ನಿಷೇಧವನ್ನು ಎತ್ತಿಹಿಡಿದು, ಈ ಅಂಶವನ್ನು ಮಾತ್ರ ರದ್ದುಗೊಳಿಸಿತು. ಕೃತ್ಯ ಗಡಿಯೊಳಗೆ ನಡೆದರೆ ಅಪರಾಧ, ಗಡಿಯಾಚೆ ನಡೆದು ಫಲ ಮಾತ್ರ ಒಳಗೆ ಬಂದರೆ ಅಪರಾಧವಲ್ಲ ಎಂಬ ಸ್ಥಿತಿ ಹೀಗೆ ಉಂಟಾಯಿತು.

ಮಹಾರಾಷ್ಟ್ರದ ಬಾಗಿಲು ಮುಚ್ಚಿದ ಮೇಲೆ ಗೋವೆಯ ಪೂರೈಕೆಯ ಭಾರವೆಲ್ಲ ಕರ್ನಾಟಕದ ಮೇಲೆ, ವಿಶೇಷವಾಗಿ ಬೆಳಗಾವಿಯ ಮೇಲೆ ಬಿದ್ದಿತು. 2020ರ ಡಿಸೆಂಬರಿನಲ್ಲಿ ಕರ್ನಾಟಕ ವಿಧಾನಸಭೆಯು ಹೊಸ ವಿಧೇಯಕವನ್ನು ಅಂಗೀಕರಿಸಿತು. 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯಾಗಿ, ಬಳಿಕ ಕಾಯಿದೆಯಾಗಿ ಜಾರಿಗೆ ಬಂದ ಈ ಶಾಸನದಂತೆ ಆಕಳು, ಕರು, ಹೋರಿ, ಎತ್ತು ಹಾಗೂ 13 ವರ್ಷದೊಳಗಿನ ಎಮ್ಮೆ, ಕೋಣಗಳ ವಧೆಗೆ 3ರಿಂದ 7 ವರ್ಷಗಳ ಶಿಕ್ಷೆಯಿದೆ. ವಧೆಗಾಗಿ ಸಾಗಿಸುವುದೂ ಅಪರಾಧ. ಆ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹಬ್ಬದ ಮುಂಚೆ, ಗೋವೆಯಲ್ಲಿ ಮಾಂಸದ ಕೊರತೆಯುಂಟಾಗಿ ಅಲ್ಲಿಯ ಸರಕಾರ ಬೇರೆ ಮಾರ್ಗಗಳನ್ನು ಹುಡುಕಬೇಕಾಯಿತು. ಒಂದು ರಾಜ್ಯದ ಕಾನೂನಿನಿಂದ ನೆರೆರಾಜ್ಯದ ಅಡುಗೆಮನೆ ಅಲುಗಿದ ಪ್ರಸಂಗವಿದು.

2017ರ ಮೇ ತಿಂಗಳಿನಲ್ಲಿ ಕೇಂದ್ರ ಸರಕಾರವು ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಜಾನುವಾರು ಸಂತೆಗಳಿಗೆ ನಿಯಮಗಳನ್ನು ಪ್ರಕಟಿಸಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ರಾಜ್ಯದ ಗಡಿಯಿಂದ 25 ಕಿಲೋಮೀಟರ್ ಒಳಗೆ ಸಂತೆ ನಡೆಸಕೂಡದೆಂದೂ, ವಧೆಗಾಗಿ ಸಂತೆಯಲ್ಲಿ ಮಾರಕೂಡದೆಂದೂ ಅದರಲ್ಲಿತ್ತು. ನ್ಯಾಯಾಲಯದ ತಡೆಯಾಜ್ಞೆಯಿಂದ ಅವು ಜಾರಿಗೆ ಬರಲಿಲ್ಲ.

ಸಂತೆಯಿಂದ ಘಟ್ಟದವರೆಗೆ

ಈ ವ್ಯಾಪಾರ ನಡೆಯುವ ಬಗೆಯನ್ನು ತಿಳಿಯದೆ ನೀತಿಯ ಮಾತಾಡುವುದು ವ್ಯರ್ಥ. ರೈತನು ದನವನ್ನು ಸಂತೆಗೆ ಹೊಡೆದುಕೊಂಡು ಬರುತ್ತಾನೆ. ದಲಾಲನು ಹಲ್ಲು ನೋಡಿ, ಕಾಲು ನೋಡಿ, ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಸುತ್ತ ನಿಂತವರಿಗೆ ಬೆಲೆ ತಿಳಿಯದು. ಮಾರುವವನಿಗೆ ಬೆಲೆ ತಿಳಿಯುತ್ತದೆ, ಆದರೆ ದನದ ಮುಂದಿನ ಊರು ತಿಳಿಯದು. ಒಬ್ಬ ದಲಾಲನಿಂದ ಇನ್ನೊಬ್ಬನಿಗೆ, ಒಂದು ಸಂತೆಯಿಂದ ಇನ್ನೊಂದು ಸಂತೆಗೆ ಕೈ ಬದಲಾದಂತೆ ಸಾಕಿದವನ ಹೆಸರು ಅಳಿಯುತ್ತದೆ. ಲಾರಿಯವನಿಗೆ ಬಾಡಿಗೆಯ ಲೆಕ್ಕ ಮಾತ್ರ. ನಾಕೆಯವನಿಗೆ ಕಾಗದದ ಲೆಕ್ಕ ಮಾತ್ರ. ಕಸಾಯಿಖಾನೆಯವನು ತಾನು ಕೊಂಡದ್ದು ಯಾರ ಹಟ್ಟಿಯ ಎತ್ತೆಂಬುದನ್ನು ಅರಿಯನು. ತಿನ್ನುವವನು ಕೊಂದವನನ್ನು ಕಾಣನು.

ಗಡಿಯು ಈ ಸರಪಳಿಗೆ ಮತ್ತೊಂದು ತೆರೆಯನ್ನು ಎಳೆಯುತ್ತದೆ. ಮಾರಿದವನ ರಾಜ್ಯ ಬೇರೆ, ಕೊಂದ ರಾಜ್ಯ ಬೇರೆಯಾದಾಗ ಪ್ರತಿಯೊಬ್ಬನೂ “ನನ್ನಿಂದ ಆದದ್ದಲ್ಲ” ಎನ್ನಬಹುದು. ಒಂದು ಕೃತ್ಯವು ಹತ್ತು ಕೈಗಳಲ್ಲಿ ಹಂಚಿಹೋಗಿ ಯಾರದೂ ಅಲ್ಲದಂತೆ ತೋರುತ್ತದೆ.

ಆಗಮದ ಲೆಕ್ಕ

ಇದೇ ಸ್ಥಳದಲ್ಲಿ ನಮ್ಮ ಆಚಾರ್ಯರ ಸೂಕ್ಷ್ಮದೃಷ್ಟಿ ಅರಿವಿಗೆ ಬರುತ್ತದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವವನ್ನು ವಿವರಿಸುತ್ತ ಕೃತ, ಕಾರಿತ, ಅನುಮತ ಎಂಬ ಮೂರನ್ನು ಹೇಳಿದ್ದಾರೆ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದ್ದಕ್ಕೆ ಒಪ್ಪಿದ್ದು. ಸಂಕಲ್ಪ, ಸಿದ್ಧತೆ, ಆರಂಭವೆಂಬ ಮೂರು ಹಂತಗಳು, ಮನ ವಚನ ಕಾಯಗಳೆಂಬ ಮೂರು ಯೋಗಗಳು, ಈ ಮೂರು ವಿಧಗಳು, ಕ್ರೋಧ ಮಾನ ಮಾಯಾ ಲೋಭಗಳೆಂಬ ನಾಲ್ಕು ಕಷಾಯಗಳು: ಗುಣಿಸಿದರೆ 108. ಈ ಲೆಕ್ಕದಲ್ಲಿ ಊರಿನ ಹೆಸರಿಲ್ಲ, ಗಡಿಯ ಕಲ್ಲಿಲ್ಲ. ಲೋಭದಿಂದ, ಮೌನದಿಂದ, ಅನ್ಯರ ಕೈಯಿಂದ ಆದದ್ದೂ ಎಣಿಕೆಯೊಳಗೆ ಬರುತ್ತದೆ.

ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಲಾಗಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೇರುವುದು, ಅನ್ನನೀರು ತಡೆಯುವುದು. ಇಲ್ಲಿ ‘ವಧ’ವೆಂದರೆ ಹೊಡೆತವೇ ಹೊರತು ಪ್ರಾಣಹರಣವಲ್ಲವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಿಳಿಸುತ್ತಾರೆ. ಕೊಲ್ಲುವುದಂತೂ ವ್ರತದ ಭಂಗವೇ. ಅದಕ್ಕೆ ಮುಂಚಿನ ಪ್ರತಿಯೊಂದು ಯಾತನೆಯನ್ನೂ ಆಚಾರ್ಯರು ಬೇರೆಯಾಗಿ ಹೆಸರಿಸಿದರು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ಅದರಡಿಯ 1978ರ ಪ್ರಾಣಿಸಾಗಣೆಯ ನಿಯಮಗಳೂ ಪ್ರಯಾಣದಲ್ಲಿ ನೀರು, ಮೇವು, ಪಶುವೈದ್ಯರ ಪರೀಕ್ಷೆಗಳನ್ನು ಕಡ್ಡಾಯಗೊಳಿಸಿದವು. ಇಪ್ಪತ್ತನೆಯ ಶತಮಾನದ ಶಾಸನವು ಬಂದು ಮುಟ್ಟಿದ ಸ್ಥಳದಲ್ಲಿ ಶ್ರಾವಕಾಚಾರ ಮೊದಲೇ ನಿಂತಿತ್ತು.

ಇನ್ನೂ ಒಂದು ಅತಿಚಾರವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಅಚೌರ್ಯಾಣುವ್ರತದ ಐದು ದೋಷಗಳಲ್ಲಿ ಮೂರನೆಯದು ‘ವಿರುದ್ಧರಾಜ್ಯಾತಿಕ್ರಮ’. ಬೆಲೆಬಾಳುವ ವಸ್ತು ಅಲ್ಲಿ ಅಲ್ಪಬೆಲೆಗೆ ದೊರಕುತ್ತದೆಂದು ವಿರುದ್ಧ ರಾಜ್ಯದಲ್ಲಿ ನಿಯಮ ಮೀರಿ ವ್ಯವಹರಿಸುವುದೇ ಇದೆಂದು ಪೂಜ್ಯಪಾದರ ವಿವರಣೆ. ಎರಡು ಕಾನೂನುಗಳ ನಡುವಿನ ಸಂದಿಯಲ್ಲಿ ಹಣ ಮಾಡುವುದು ವ್ಯಾಪಾರದ ಜಾಣತನವೆಂದು ಲೋಕ ಹೇಳಬಹುದು. ನಮ್ಮ ಆಚಾರ್ಯರು ಅದನ್ನು ಕಳವಿನ ಅಧ್ಯಾಯದಲ್ಲಿಟ್ಟರು. ಗಡಿವ್ಯಾಪಾರದ ದೋಷವನ್ನು ಇಷ್ಟು ಹಿಂದೆಯೇ, ಅದೂ ಕನ್ನಡ ನಾಡಿನಲ್ಲಿ ಬಾಳಿದ ಆಚಾರ್ಯರೊಬ್ಬರು, ಇಷ್ಟು ಸ್ಪಷ್ಟವಾಗಿ ಗುರುತಿಸಿದ್ದು ನಾವು ಹೆಮ್ಮೆಪಡುವುದಕ್ಕಿಂತ ಎಚ್ಚರಗೊಳ್ಳಬೇಕಾದ ವಿಷಯ.

ಶ್ವೇತಾಂಬರ ಪರಂಪರೆಯ ಉಪಾಸಕದಶಾಂಗವು ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ಹೇಳುವಾಗ ‘ಕೇಶವಾಣಿಜ್ಯ’ವನ್ನು, ಅಂದರೆ ಮನುಷ್ಯರ ಮತ್ತು ಪಶುಗಳ ವ್ಯಾಪಾರವನ್ನು, ಸೇರಿಸಿದೆ. ಅದೇ ಗ್ರಂಥದ ಆನಂದ ಶ್ರಾವಕನಿಗೆ ಹತ್ತು ಸಾವಿರದಂತೆ ನಾಲ್ಕು ಗೋವ್ರಜಗಳಿದ್ದವು. ಆತನು ಗೋವುಗಳನ್ನು ಸಾಕಲಿಲ್ಲವೆಂದಲ್ಲ. ಇಷ್ಟಕ್ಕಿಂತ ಹೆಚ್ಚಿಸಿಕೊಳ್ಳೆನೆಂದು ಪರಿಮಾಣ ಮಾಡಿಕೊಂಡನು. ಸಾಕುವುದಕ್ಕೂ ಸರಕಾಗಿಸುವುದಕ್ಕೂ ಇರುವ ಅಂತರ ಇಲ್ಲಿದೆ.

ನಮ್ಮ ಹಟ್ಟಿ, ನಮ್ಮ ಹಾಲು

ಬೆಳಗಾವಿ, ಧಾರವಾಡ, ಕೊಲ್ಲಾಪುರ, ಸಾಂಗಲಿ ಸೀಮೆಯ ಚತುರ್ಥ, ಪಂಚಮ ಜೈನರಲ್ಲಿ ಅನೇಕರು ಒಕ್ಕಲಿಗರು. ಅವರ ಹಟ್ಟಿಯಲ್ಲಿ ದನಗಳಿವೆ. ಹುಬ್ಬಳ್ಳಿಯ ವರ್ತಕ ಬಂಧುಗಳ ಮನೆಯಲ್ಲಿ ದನವಿಲ್ಲದಿರಬಹುದು. ಹಾಲು, ತುಪ್ಪ, ಪಂಚಾಮೃತ ಅಭಿಷೇಕದ ಕ್ಷೀರ ಇದ್ದೇ ಇವೆ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಆಕಳ ಜಾತಿಯ ಹೆಣ್ಣು ದನಗಳು 14.51 ಕೋಟಿ, ಗಂಡು ದನಗಳು ಸುಮಾರು 4.74 ಕೋಟಿ. 2012ರ ಗಣತಿಯಿಂದ ಈಚೆಗೆ ಗಂಡುಗಳ ಸಂಖ್ಯೆ ನೂರಕ್ಕೆ 30ರಷ್ಟು ಇಳಿದಿದೆ. ಹುಟ್ಟುವಾಗ ಹೋರಿಗರುವೂ ಆಕಳಗರುವೂ ಬಹುತೇಕ ಸಮವಾಗಿ ಹುಟ್ಟುತ್ತವೆ. ಟ್ರ್ಯಾಕ್ಟರ್ ಬಂದ ಹೊಲದಲ್ಲಿ ಎತ್ತಿಗೆ ಕೆಲಸವಿಲ್ಲ. ಮಿಶ್ರತಳಿಯ ಹೋರಿಗರುವಿಗೆ ಗೊದಲಿಯಲ್ಲಿ ಎಡೆಯಿಲ್ಲ. ಉಳಿದ ಹೋರಿಗಳು ಏನಾದವೆಂಬ ಪ್ರಶ್ನೆಗೆ ಉತ್ತರವು ಹಾಲು ಕುಡಿಯುವ ಪ್ರತಿಯೊಂದು ಮನೆಯನ್ನೂ ಮುಟ್ಟುತ್ತದೆ. ಅನುಮತದ ಎಣಿಕೆ ಇಲ್ಲಿಂದ ಆರಂಭವಾಗುತ್ತದೆ.

ಕಾನೂನು ಬಂದೊಡನೆ ಧರ್ಮ ನೆರವೇರಿತೆಂದು ತಿಳಿಯುವುದು ಭ್ರಮೆ. ಮಾರಲು ಬಾರದ, ಸಾಕಲು ಆಗದ ಎತ್ತಿನ ಮುಂದೆ ಬಡ ರೈತನು ನಿಂತಿದ್ದಾನೆ. ಕಣಕಿಯ ಬೆಲೆ ಅವನ ಕೈಗೆಟುಕದು. ಅವನು ಹಗ್ಗ ಬಿಚ್ಚಿ ರಾತ್ರಿ ಹೆದ್ದಾರಿಗೆ ಅಟ್ಟಿದರೆ, ಅಥವಾ ಕತ್ತಲಲ್ಲಿ ಅರ್ಧಬೆಲೆಗೆ ಕೊಟ್ಟರೆ, ಆ ಪಾಪದಲ್ಲಿ ನಿಷೇಧವನ್ನು ಮೆಚ್ಚಿ ಮೇವನ್ನು ಕೊಡದ ನಮ್ಮದೂ ಪಾಲಿದೆ. ಗೋವಿನ ಹೆಸರಿನಲ್ಲಿ ಲಾರಿ ತಡೆದು ಮನುಷ್ಯನ ಮೇಲೆ ಕೈಮಾಡುವುದು ಇನ್ನೂ ಘೋರ. ಗುಂಪು ಹಿಂಸೆಯನ್ನು ತಡೆಯಲು 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ನಿರ್ದೇಶನಗಳನ್ನು ನೀಡಬೇಕಾಯಿತು. ಪಂಚೇಂದ್ರಿಯ ಜೀವವೊಂದರ ದಯೆಗಾಗಿ ಮತ್ತೊಂದು ಪಂಚೇಂದ್ರಿಯ ಜೀವವನ್ನು ಪೀಡಿಸುವುದು ಯಾವ ಆಗಮದಲ್ಲಿಯೂ ದಯೆಯೆನಿಸದು.

ದಯೆಯ ಸಹಕಾರ

ರಾಜಾಜ್ಞೆಯ ಮೂಲಕ ನಡೆದ ಅಭಯದಾನಗಳು ನಮ್ಮ ಇತಿಹಾಸದಲ್ಲಿ ಪ್ರಸಿದ್ಧ. ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರ ಪ್ರಭಾವದಿಂದ ಗುಜರಾತಿನ ಕುಮಾರಪಾಲನು ಅಮಾರಿ ಘೋಷಣೆ ಮಾಡಿದನು. ಹೀರವಿಜಯ ಸೂರಿಗಳ ಮಾತಿಗೆ ಅಕ್ಬರನು ಪರ್ಯುಷಣದ ದಿನಗಳಲ್ಲಿ ವಧೆ ನಿಲ್ಲಿಸಿದನು. ಅಹಮದಾಬಾದ್ ನಗರಪಾಲಿಕೆಯು ಪರ್ಯುಷಣದ 9 ದಿನ ಕಸಾಯಿಖಾನೆ ಮುಚ್ಚಿಸಿದ್ದನ್ನು 2008ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಾಗ ಅಕ್ಬರನ ಈ ಉದಾಹರಣೆಯನ್ನೇ ಸ್ಮರಿಸಿತು. ಆದರೆ ಆಜ್ಞೆಗಳೆಲ್ಲ ಒಂದು ಸೀಮೆಗೆ, ಒಂದು ಅವಧಿಗೆ ಕಟ್ಟುಬಿದ್ದವು.

ಇನ್ನೊಂದು ಮಾರ್ಗವೂ ಇದೆ. ಅದು ಸಂಸ್ಥೆಗಳ ಮಾರ್ಗ. 1834ರಲ್ಲಿ ಮುಂಬಯಿಯ ಪಾಂಜರಪೋಳವನ್ನು ಕಟ್ಟಿದವರು ಪಾರಸಿಯಾದ ಜಮಶೇಟ್‌ಜಿ ಜೀಜೀಭಾಯಿ ಮತ್ತು ವರ್ತಕ ಅಮೀಚಂದ ಶಹಾ. ಮತಭೇದ ಅವರ ದಯೆಗೆ ಅಡ್ಡಿಯಾಗಲಿಲ್ಲ. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು, ಮುಂದೆ ದಕ್ಷಿಣ ಭಾರತ ಜೈನ ಸಭೆಯೆನಿಸಿ, ಕನ್ನಡ ಮತ್ತು ಮರಾಠಿ ಮಾತಾಡುವ ಶ್ರಾವಕರನ್ನು ಒಂದೇ ವೇದಿಕೆಯಲ್ಲಿ ಕೂಡಿಸಿತು. ಸಂಸ್ಥಾನಗಳು ಅಳಿದವು, ರಾಜ್ಯದ ಗೆರೆಗಳು ಬದಲಾದವು, ಗಡಿವಿವಾದ ಬಂದಿತು; ಆ ಕೂಟ ಒಡೆಯಲಿಲ್ಲ. ವಿದ್ಯಾರ್ಥಿನಿಲಯಗಳಿಗಾಗಿ ಗಡಿ ಮೀರಿ ಕೂಡಿದ ಸಮಾಜವು ಗೊದಲಿಗಳಿಗಾಗಿ ಕೂಡಲಾರದೆ?

ಬಸದಿ ಮತ್ತು ಮಂದಿರಗಳ ವಿಶ್ವಸ್ತ ಮಂಡಳಿಗಳ ಮುಂದೆ ಕೆಲವು ಕಾರ್ಯಗಳನ್ನು ವಿನಯಪೂರ್ವಕವಾಗಿ ಇಡಬಹುದು. ಮೊದಲನೆಯದು, ಅಭಿಷೇಕದ ಹಾಲು ಬರುವ ಹಟ್ಟಿಯನ್ನು ತಿಳಿದುಕೊಂಡು, ಅಲ್ಲಿಯ ಹೋರಿಗರು ಮತ್ತು ಬರಡು ಆಕಳುಗಳ ಪೋಷಣೆಯಲ್ಲಿ ಪಾಲು ಕೊಡುವುದು. ಎರಡನೆಯದು, ಗೋಶಾಲೆಗೆ ದನ ಸೇರಿಸುವ ದಿನ ಹಾರ ಹಾಕಿ ಮರೆಯದೆ, ಆ ದನ ಬದುಕಿರುವಷ್ಟು ಕಾಲದ ಮೇವಿನ ಲೆಕ್ಕವಿಟ್ಟು ದಾನ ಸ್ವೀಕರಿಸುವುದು. ಮೂರನೆಯದು, ಬಡ ಒಕ್ಕಲಿಗನು ಮುದಿ ಎತ್ತನ್ನು ತನ್ನ ಹಟ್ಟಿಯಲ್ಲಿಯೇ ಇಟ್ಟುಕೊಳ್ಳಲು ಬೇಸಿಗೆಯ ಕಣಕಿಯ ನೆರವನ್ನು ಕೊಡುವುದು. ಗೋಶಾಲೆಯ ನೂಕುನುಗ್ಗಲಿಗಿಂತ ಪರಿಚಿತ ಗೊದಲಿ ಮೇಲು. ನಾಲ್ಕನೆಯದು, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಸಾಂಗಲಿ, ಗೋವೆಗಳ ಮಂಡಳಿಗಳು ವರ್ಷಕ್ಕೊಮ್ಮೆಯಾದರೂ ಕೂಡಿ, ಎಲ್ಲಿ ಮೇವಿದೆ, ಎಲ್ಲಿ ಸ್ಥಳವಿದೆ, ಎಲ್ಲಿ ಪಶುವೈದ್ಯರಿದ್ದಾರೆಂಬುದನ್ನು ಪರಸ್ಪರ ತಿಳಿಸುವುದು. ಬರಗಾಲವು ಎಲ್ಲ ತಾಲೂಕುಗಳಿಗೂ ಒಮ್ಮೆಗೇ ಬರುವುದಿಲ್ಲ. ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಬಣವೆ ತುಂಬಬಹುದು.

ಇವೆಲ್ಲ ದೊಡ್ಡ ಕಾರ್ಯಗಳಲ್ಲ. ಆದರೆ ಉಪ್ಪಿಗಾಗಿ, ಹಳಿಗಾಗಿ, ಮಾಂಸಕ್ಕಾಗಿ ಗಡಿಯನ್ನು ಸಡಿಲಿಸಿದ ಮನುಷ್ಯನು ಅಭಯದಾನಕ್ಕಾಗಿ ಅದನ್ನು ದಾಟಲಾರೆನೆಂದರೆ ಆ ಮಾತು ನಂಬತಕ್ಕದ್ದಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಲ್ಲಿ ಅಭಯವನ್ನು ಬೇಡಲು ಬಾಯಿಲ್ಲದ ಜೀವಕ್ಕೆ ಕೊಡುವುದು ಶ್ರಾವಕನ ಕರ್ತವ್ಯ. ಬರುವ ದಶಲಕ್ಷಣ ಪರ್ವದ ಮುಂಚಿನ ಸಭೆಯಲ್ಲಿ ನಮ್ಮ ಮಂಡಳಿಗಳು ಈ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಿಕೊಳ್ಳಲೆಂದು ಆಶಿಸೋಣ.